ಅನುವಾದದ ತೂಕ: ಸೊಲ್ಲಾಪುರ–ಅಕ್ಕಲಕೋಟೆಯ ಓದುಗ ಮತ್ತು ವಿಶ್ವಸಾಹಿತ್ಯ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ 1956ರಲ್ಲಿ ಜನಿಸಿದ ಶರಣಕುಮಾರ ಲಿಂಬಾಳೆಯವರು 1984ರಲ್ಲಿ ‘ಅಕ್ಕರಮಾಶಿ’ ಎಂಬ ತಮ್ಮ ಆತ್ಮಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದರು. ಆ ಕೃತಿ ಕನ್ನಡಕ್ಕೆ ‘ಅಕ್ರಮ ಸಂತಾನ’ ಎಂಬ ಹೆಸರಿನಿಂದ ಬಂದಿತು. 2003ರಲ್ಲಿ ಸಂತೋಷ ಭೂಮಕರ ಅವರ ಅನುವಾದದಲ್ಲಿ ‘ದಿ ಔಟ್‌ಕಾಸ್ಟ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಹೋಯಿತು. ಅಕ್ಕಲಕೋಟೆಯ ಹಳ್ಳಿಯೊಂದರ ಬದುಕು ಹೀಗೆ ಆ ಹಳ್ಳಿಯನ್ನು ಎಂದೂ ಕಾಣದ ಓದುಗರ ಕೈ ಸೇರಿತು.

ವಿಶ್ವಸಾಹಿತ್ಯವೆಂದೊಡನೆ ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ಟಾಲ್‌ಸ್ಟಾಯ್, ಕಾಮು, ಮಾರ್ಕ್ವೆಜ್ ಮೊದಲಾದ ಹೆಸರುಗಳು ನೆನಪಾಗುತ್ತವೆ. ನೆರೆಯ ಹಳ್ಳಿಯ ಹೆಸರು ನೆನಪಾಗುವುದಿಲ್ಲ. ಆದರೆ ಒಂದು ಕೃತಿ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಸಾಗುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಪಡೆಯುತ್ತದೆ ಎಂಬುದನ್ನು ಅರಿಯಲು ‘ಅಕ್ಕರಮಾಶಿ’ಗಿಂತ ಹತ್ತಿರದ ಉದಾಹರಣೆ ಈ ಭಾಗದ ವಿದ್ಯಾರ್ಥಿಗೆ ದೊರೆಯಲಾರದು.

ಅನುವಾದಿತ ಕಾದಂಬರಿಗಳನ್ನು ಕುರಿತು ಓದುಗರು ಸಾಮಾನ್ಯವಾಗಿ ವ್ಯಕ್ತಪಡಿಸುವ ಅಭಿಪ್ರಾಯಗಳು ನಾಲ್ಕು. ಒಂದು, ಮೂಲವೇ ಶ್ರೇಷ್ಠ, ಅನುವಾದವು ಅದರ ನೆರಳು. ಎರಡು, ಒಳ್ಳೆಯ ಅನುವಾದವು ಅನುವಾದವೆಂದು ತಿಳಿಯಲೇಬಾರದು. ಮೂರು, ವಿಶ್ವಸಾಹಿತ್ಯವೆಂದರೆ ದೂರದ ದೇಶಗಳಿಂದ ಇಂಗ್ಲಿಷಿನ ಮೂಲಕ ಬರುವ ಸಾಹಿತ್ಯ. ನಾಲ್ಕು, ಎರಡೂ ಭಾಷೆಗಳನ್ನು ಬಲ್ಲವನಿಗೆ ಅನುವಾದದ ಅಗತ್ಯವಿಲ್ಲ. ಈ ನಾಲ್ಕು ಅಭಿಪ್ರಾಯಗಳನ್ನು ಗಡಿನಾಡಿನ ಓದುಗನ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಮೊದಲು ‘ಅಕ್ಕರಮಾಶಿ’ ಎಂಬ ಶಬ್ದವನ್ನೇ ತೂಗಿ ನೋಡುವುದು ಯುಕ್ತ.

ಒಂದು ಶಬ್ದ, ಮೂರು ಹೆಸರು

‘ಅಕ್ಕರಮಾಶಿ’ ಎಂಬುದು ಅಕ್ಕಸಾಲಿಗನ ತಕ್ಕಡಿಯಿಂದ ಬಂದ ಶಬ್ದ. ಹಳೆಯ ತೂಕದ ಲೆಕ್ಕದಲ್ಲಿ 8 ಗುಂಜಿಗೆ ಒಂದು ಮಾಸೆ, 12 ಮಾಸೆಗೆ ಒಂದು ತೊಲ. ಮರಾಠಿಯಲ್ಲಿ ‘ಅಕರಾ’ ಎಂದರೆ ಹನ್ನೊಂದು. ಹನ್ನೆರಡು ಮಾಸೆ ತೂಗಬೇಕಾದ ಚಿನ್ನ ಹನ್ನೊಂದೇ ತೂಗಿದರೆ ಅದು ಪೂರ್ಣ ತೊಲವೆನಿಸದು. ಈ ಲೆಕ್ಕವನ್ನು ಸಮಾಜವು ಮನುಷ್ಯನ ಹುಟ್ಟಿಗೆ ಅನ್ವಯಿಸಿತು. ವಿವಾಹದ ಹೊರಗೆ ಹುಟ್ಟಿದ ಮಗುವನ್ನು ‘ಅಕ್ಕರಮಾಶಿ’ ಎಂದು ಕರೆದು, ಆ ಜೀವ ಒಂದು ಮಾಸೆ ಕಡಿಮೆಯದೆಂದು ತೀರ್ಪು ನೀಡಿತು.

ಲಿಂಬಾಳೆಯವರ ತಾಯಿ ದಲಿತ ಸಮುದಾಯದವರು. ತಂದೆ ಮೇಲುಜಾತಿಯ ಪಾಟೀಲ ಮನೆತನದವರು. ತಂದೆಯ ಮನೆತನ ಮಗನನ್ನು ಒಪ್ಪಿಕೊಳ್ಳಲಿಲ್ಲ. ತಾಯಿಯ ಕೇರಿಯಲ್ಲಿಯೂ ಹುಟ್ಟಿನ ಕಾರಣದಿಂದ ಆತ ಪೂರ್ಣವಾಗಿ ಒಳಗಿನವನಾಗಲಿಲ್ಲ. ಬೆಳೆಸಿದವರು ಅಜ್ಜಿ ಮತ್ತು ಅಜ್ಜಿಯೊಡನೆ ಬಾಳಿದ ಒಬ್ಬ ಮುಸ್ಲಿಂ ಹಿರಿಯ. ತಂದೆಯ ಹೆಸರನ್ನು, ಜಾತಿಯನ್ನು, ಊರನ್ನು ಕೇಳುವ ಪ್ರತಿಯೊಂದು ಪ್ರಶ್ನೆಯೂ ಈ ಬಾಲಕನಿಗೆ ಕಠಿಣವಾಗಿತ್ತು. ಕೃತಿಯ ಶೀರ್ಷಿಕೆ ಈ ಸ್ಥಿತಿಯನ್ನು ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ.

ಈಗ ಅನುವಾದಗಳ ಹೆಸರನ್ನು ನೋಡಬಹುದು. ‘ಔಟ್‌ಕಾಸ್ಟ್’ ಎಂದರೆ ಜಾತಿವ್ಯವಸ್ಥೆಯಿಂದ ಹೊರಗಿಡಲ್ಪಟ್ಟವನು. ಭಾರತದ ಹೊರಗಿನ ಓದುಗನಿಗೆ ವಿಷಯ ಕೂಡಲೇ ತಿಳಿಯುತ್ತದೆ. ಆದರೆ ಆ ಅರ್ಥದಲ್ಲಿ ಇಡೀ ಕೇರಿಯೇ ಹೊರಗಿಡಲ್ಪಟ್ಟದ್ದು. ಹೊರಗಿಡಲ್ಪಟ್ಟವರ ನಡುವೆಯೂ ಮತ್ತೊಮ್ಮೆ ಹೊರಗಾದವನ ನೋವು ಆ ಹೆಸರಿನಲ್ಲಿ ಕಾಣುವುದಿಲ್ಲ. ಬಹುಶಃ ಈ ಕಾರಣಕ್ಕಾಗಿಯೇ ಇಂಗ್ಲಿಷ್ ಆವೃತ್ತಿ ಮೂಲ ಶಬ್ದವನ್ನು ಉಪಶೀರ್ಷಿಕೆಯಾಗಿ ಉಳಿಸಿಕೊಂಡಿದೆ. ‘ಅಕ್ರಮ ಸಂತಾನ’ ಎಂಬ ಕನ್ನಡದ ಹೆಸರು ಹುಟ್ಟಿನ ಕಳಂಕವನ್ನು ನೇರವಾಗಿ ಹೇಳುತ್ತದೆ. ಆದರೆ ‘ಅಕ್ರಮ’ ಮತ್ತು ‘ಸಂತಾನ’ ಇವೆರಡೂ ಕಾಗದಪತ್ರಗಳ ಸಂಸ್ಕೃತ ಶಬ್ದಗಳು. ‘ಅಕ್ಕರಮಾಶಿ’ ಓಣಿಯಲ್ಲಿ ಮುಖಕ್ಕೆ ಎಸೆಯುವ ಬೈಗುಳ. ಬೈಗುಳದ ಬಿಸಿ ಕಾಗದದ ಭಾಷೆಯಲ್ಲಿ ಆರುತ್ತದೆ. ತಕ್ಕಡಿಯ ಚಿತ್ರ ಎರಡು ಅನುವಾದಗಳಲ್ಲಿಯೂ ಮರೆಯಾಗುತ್ತದೆ.

ಇದನ್ನು ಅನುವಾದಕರ ದೋಷವೆಂದು ಎಣಿಸಬಾರದು. ಮೂಲ ಶಬ್ದದಲ್ಲಿ ಹುಟ್ಟು, ಜಾತಿ, ತೂಕ ಎಂಬ ಮೂರು ಅರ್ಥಗಳು ಬೆಸೆದುಕೊಂಡಿವೆ. ಇಂಗ್ಲಿಷ್ ಜಾತಿಯನ್ನು ಆರಿಸಿಕೊಂಡಿತು, ಕನ್ನಡ ಹುಟ್ಟನ್ನು ಆರಿಸಿಕೊಂಡಿತು. ಪ್ರತಿಯೊಂದು ಅನುವಾದವೂ ಇಂತಹ ಆಯ್ಕೆಗಳ ಮೊತ್ತ. ಈ ಆಯ್ಕೆಯನ್ನು ಆಯ್ಕೆಯೆಂದು ಗುರುತಿಸಲು ಎರಡೂ ಕಡೆಯ ಶಬ್ದಗಳು ಕಿವಿಯಲ್ಲಿರುವ ಓದುಗ ಬೇಕು. ಮೈಸೂರಿನ ಓದುಗನಿಗೆ ಕನ್ನಡದ ಹೆಸರಷ್ಟೇ ಕಾಣುತ್ತದೆ, ಪುಣೆಯ ಓದುಗನಿಗೆ ಮರಾಠಿಯದು. ಎರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಬಲ್ಲವನು ಅಕ್ಕಲಕೋಟೆಯ ಓದುಗ.

ಮೊದಲ ಅಭಿಪ್ರಾಯ: ಮೂಲವೇ ಶ್ರೇಷ್ಠ

ಮೇಲಿನ ಉದಾಹರಣೆಯಿಂದ ಅನುವಾದದಲ್ಲಿ ನಷ್ಟವೇ ಹೆಚ್ಚೆಂದು ತೋರಬಹುದು. ಆದರೆ ಲಾಭದ ಉದಾಹರಣೆಗಳೂ ಇವೆ. ಶಿವರಾಮ ಕಾರಂತರ ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯನ್ನು ಉಮಾ ಕುಲಕರ್ಣಿಯವರು ಮರಾಠಿಗೆ ‘ತನಮನಾಚ್ಯಾ ಭೋವಱ್ಯಾತ’ ಎಂದು ತಂದಿದ್ದಾರೆ. ಕನ್ನಡದ ‘ಮೈಮನ’ ಎಂಬ ಜೋಡುಮಾತಿನಲ್ಲಿ ಮಕಾರದ ಪ್ರಾಸವಿದೆ. ಮರಾಠಿಯ ‘ತನಮನ’ದಲ್ಲಿ ನಕಾರದ ಪ್ರಾಸವಿದೆ. ‘ಸುಳಿ’ಗೆ ‘ಭೋವರಾ’ ಸರಿಸಮನಾಗಿ ನಿಂತಿದೆ. ಅರ್ಥದೊಡನೆ ನಾದವೂ ದಾಟಿ ಬಂದ ಅಪರೂಪದ ಶೀರ್ಷಿಕೆಯಿದು.

ಅದೇ ಕಾರಂತರ ‘ಬೆಟ್ಟದ ಜೀವ’ ಅದೇ ಅನುವಾದಕಿಯ ಕೈಯಲ್ಲಿ ‘ಡೋಂಗರಾಏವಢಾ’ ಎಂದಾಯಿತು. ಬೆಟ್ಟದಷ್ಟು ದೊಡ್ಡವನು ಎಂದರ್ಥ. ಕನ್ನಡದ ಹೆಸರು ಗೋಪಾಲಯ್ಯನನ್ನು ಬೆಟ್ಟಕ್ಕೆ ಸೇರಿದ ಜೀವವೆನ್ನುತ್ತದೆ. ಕಾಡನ್ನು ಕಡಿದು ತೋಟ ಮಾಡಿ, ಆ ನೆಲದೊಡನೆ ಒಂದಾಗಿ ಬಾಳಿದ ಮುದುಕ ಆತ. ಮರಾಠಿಯ ಹೆಸರು ಆತನ ಎತ್ತರವನ್ನು ಅಳೆಯುತ್ತದೆ. ಮೂಲದಲ್ಲಿ ಸಂಬಂಧವಿದ್ದ ಕಡೆ ಅನುವಾದದಲ್ಲಿ ಪ್ರಮಾಣ ಬಂದಿದೆ. ಕಾದಂಬರಿಯನ್ನು ಓದಿದವರು ಈ ಎರಡನೆಯ ಹೆಸರನ್ನು ತಪ್ಪೆನ್ನಲಾರರು. ಮಗನಿಂದ ದೂರವಾದ ನೋವನ್ನು ನುಂಗಿಕೊಂಡು ಬಂದ ಅತಿಥಿಯನ್ನು ಆದರಿಸುವ ಆ ಮುದುಕನಲ್ಲಿ ಬೆಟ್ಟದಂತಹ ಹಿರಿತನ ಇದ್ದೇ ಇದೆ. ಕನ್ನಡ ಓದುಗ ಗಮನಿಸದೆ ಹೋಗಬಹುದಾದ ಒಂದು ಮುಖವನ್ನು ಮರಾಠಿಯ ಶೀರ್ಷಿಕೆ ಎತ್ತಿ ತೋರಿಸಿದೆ. ಅನುವಾದವೂ ಒಂದು ಬಗೆಯ ವಿಮರ್ಶೆ ಎಂಬ ಮಾತಿಗೆ ಇದು ಸಾಕ್ಷಿ.

‘ವಂಶವೃಕ್ಷ’, ‘ಪರ್ವ’, ‘ಯಯಾತಿ’ ಮುಂತಾದ ಹೆಸರುಗಳು ಎರಡೂ ಭಾಷೆಗಳಲ್ಲಿ ಬದಲಾಗದೆ ಉಳಿಯುತ್ತವೆ. ಎರಡಕ್ಕೂ ಸಮಾನವಾದ ಸಂಸ್ಕೃತ ಶಬ್ದಸಂಪತ್ತೇ ಇದಕ್ಕೆ ಕಾರಣ. ಕಷ್ಟ ಬರುವುದು ದೇಶ್ಯ ಶಬ್ದಗಳಲ್ಲಿ, ನೆಲದ ಮಾತುಗಳಲ್ಲಿ. ಮರಾಠಿ ದಲಿತ ಸಾಹಿತ್ಯದಲ್ಲಿ ‘ಗಾವಕುಸಾಬಾಹೇರ’ ಎಂಬ ನುಡಿ ಮತ್ತೆ ಮತ್ತೆ ಬರುತ್ತದೆ. ಊರಗೋಡೆಯ ಹೊರಗೆ ಎಂದು ಅದರ ಅರ್ಥ. ಕನ್ನಡದಲ್ಲಿ ‘ಕೇರಿ’ ಎಂದರೆ ಸಾಕು, ಅದಕ್ಕೆ ಎದುರಾಗಿ ‘ಊರು’ ತಾನೇ ನಿಲ್ಲುತ್ತದೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟರು. ಮರಾಠಿ ಗೋಡೆಯನ್ನು ನೆನೆಯುತ್ತದೆ, ಕನ್ನಡ ಎರಡು ವಸತಿಗಳನ್ನು ನೆನೆಯುತ್ತದೆ. ಒಂದೇ ಅನ್ಯಾಯವನ್ನು ಎರಡು ಭಾಷೆಗಳು ಎರಡು ಕಡೆಯಿಂದ ಕಂಡಿವೆ. ಇಲ್ಲಿ ಯಾವುದು ಮೂಲ, ಯಾವುದು ನೆರಳು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಎರಡನೆಯ ಅಭಿಪ್ರಾಯ: ಅನುವಾದವೆಂದು ತಿಳಿಯಬಾರದು

ಕನ್ನಡದಲ್ಲಿ ಕಾದಂಬರಿಯನ್ನು ಓದುವ ಅಭ್ಯಾಸ ಬೆಳೆದುದರಲ್ಲಿ ಅನುವಾದಗಳ ಪಾತ್ರ ದೊಡ್ಡದು. ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ತಂದರು. ಮರಾಠಿಯ ಪ್ರಭಾವ ಪ್ರಬಲವಾಗಿದ್ದ ಕಾಲದಲ್ಲಿ ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿ ಉತ್ತರ ಕರ್ನಾಟಕದಲ್ಲಿ ಕನ್ನಡ ಓದುಗರನ್ನು ಸೃಷ್ಟಿಸಿದರು. ಮರಾಠಿಯಿಂದ ಪಡೆದ ಕಥೆಗಳೇ ಕನ್ನಡದ ಓದಿಗೆ ಆಸರೆಯಾದವು.

‘ಕಾದಂಬರಿ’ ಎಂಬ ಶಬ್ದವೇ ಈ ನೆರೆಹೊರೆಯ ಸಾಕ್ಷಿ. ಹಿಂದಿ ಮತ್ತು ಬಂಗಾಳಿಗಳಲ್ಲಿ ಈ ಪ್ರಕಾರಕ್ಕೆ ‘ಉಪನ್ಯಾಸ’ವೆನ್ನುತ್ತಾರೆ, ಕನ್ನಡದಲ್ಲಿ ಉಪನ್ಯಾಸವೆಂದರೆ ಭಾಷಣ. ತೆಲುಗಿನವರು ‘ನವಲ’ ಎನ್ನುತ್ತಾರೆ. ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ಹೆಸರನ್ನೇ ಇಡೀ ಪ್ರಕಾರದ ಹೆಸರಾಗಿ ಬಳಸುವವರು ಮರಾಠಿಗರು ಮತ್ತು ಕನ್ನಡಿಗರು. 1857ರ ‘ಯಮುನಾಪರ್ಯಟನ’ ಮರಾಠಿಯ ಮೊದಲ ಕಾದಂಬರಿಯೆಂದು ಪರಿಗಣಿತವಾಗಿದೆ. ಅದರ ಕರ್ತೃ ಬಾಬಾ ಪದ್ಮನಜಿ ಹುಟ್ಟಿದ್ದು ಬೆಳಗಾವಿಯಲ್ಲಿ. ಸಾಹಿತ್ಯದ ಗಡಿ ಆಡಳಿತದ ಗಡಿಯೊಡನೆ ಎಂದೂ ಹೊಂದಿಕೊಂಡಿಲ್ಲ.

ಆ ಕಾಲದ ಅನುವಾದಕರು ಓದುಗನಿಗೆ ಎಲ್ಲಿಯೂ ತೊಡಕಾಗದಂತೆ ಕಥೆಯನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿದರು. ಹೊಸ ಓದುಗರನ್ನು ಕಟ್ಟಬೇಕಾಗಿದ್ದ ಸಂದರ್ಭದಲ್ಲಿ ಅದು ಯೋಗ್ಯವಾದ ಮಾರ್ಗವೇ ಆಗಿತ್ತು. ಇಂದು ಮತ್ತೊಂದು ಮಾರ್ಗಕ್ಕೂ ಮನ್ನಣೆ ದೊರೆತಿದೆ. ಬಾನು ಮುಷ್ತಾಕ್ ಅವರ ಹನ್ನೆರಡು ಕನ್ನಡ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ‘ಹಾರ್ಟ್ ಲ್ಯಾಂಪ್’ ಎಂದು ಅನುವಾದಿಸಿದರು. 2025ರ ಮೇ ತಿಂಗಳಲ್ಲಿ ಆ ಸಂಕಲನ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಇದೇ ಮೊದಲು. ಕಥಾಸಂಕಲನವೊಂದಕ್ಕೆ ಬಂದದ್ದೂ ಇದೇ ಮೊದಲು. ಪ್ರಶಸ್ತಿಯ 50,000 ಪೌಂಡುಗಳನ್ನು ಲೇಖಕಿ ಮತ್ತು ಅನುವಾದಕಿಗೆ ಸಮನಾಗಿ ಹಂಚುವ ನಿಯಮ ಅನುವಾದಕರ ಸ್ಥಾನವನ್ನು ಕುರಿತು ತಾನೇ ಒಂದು ಅಭಿಪ್ರಾಯವನ್ನು ಹೇಳುತ್ತದೆ.

ಈ ಅನುವಾದದಲ್ಲಿ ಕನ್ನಡ, ಉರ್ದು, ಅರಬ್ಬಿ ಮೂಲದ ಅನೇಕ ಮಾತುಗಳನ್ನು ಹಾಗೆಯೇ ಉಳಿಸಲಾಗಿದೆ; ಅವುಗಳನ್ನು ಓರೆ ಅಕ್ಷರದಲ್ಲಿ ಮುದ್ರಿಸಿ ಬೇರೆಯಾಗಿ ತೋರಿಸಿಲ್ಲ. ಒಂದು ಮನೆಯಲ್ಲಿ ಹಲವು ಭಾಷೆಗಳು ಬೆರೆತು ಕೇಳುವುದನ್ನು ಇಂಗ್ಲಿಷಿನ ಓದುಗನೂ ಕೇಳಲಿ ಎಂಬುದು ಇಲ್ಲಿಯ ಉದ್ದೇಶ. ಆದರೂ ನಷ್ಟ ಇಲ್ಲವೆನ್ನುವಂತಿಲ್ಲ. ‘ಎದೆಯ ಹಣತೆ’ ಎಂಬ ಕಥೆಯ ಹೆಸರು ‘ಹಾರ್ಟ್ ಲ್ಯಾಂಪ್’ ಆದಾಗ ದೀಪ ಉಳಿಯಿತು, ಹಣತೆಯ ಮಣ್ಣು ಉಳಿಯಲಿಲ್ಲ.

ಸೊಲ್ಲಾಪುರದ ವಿದ್ಯಾರ್ಥಿಗೆ ಇಂತಹ ಬೆರಕೆ ಹೊಸದಲ್ಲ. ಈ ನಗರದ ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖ್ಖನಿ ನಾಲ್ಕೂ ಒಂದೇ ಹೊತ್ತಿನಲ್ಲಿ ಕೇಳಿಬರುತ್ತವೆ. ಕಾಕಾ, ಮಾಮಾ, ಚಾವಡಿ, ವಾಡೆ, ಝುಣಕ ಎಂಬ ಮಾತುಗಳನ್ನು ಯಾವ ಭಾಷೆಯವೆಂದು ಕೇಳದೆ ಬಳಸುವ ಜನ ಇಲ್ಲಿಯವರು. ಈ ಪರಿಸರದ ಮರಾಠಿ ಕೃತಿಯೊಂದನ್ನು ಕನ್ನಡಕ್ಕೆ ತರುವವರು ಆ ಮಾತುಗಳನ್ನೆಲ್ಲ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ‘ಕಾಕಾ’ ‘ಚಿಕ್ಕಪ್ಪ’ನಾಗುತ್ತಾನೆ, ‘ಭಾಕರಿ’ ‘ರೊಟ್ಟಿ’ಯಾಗುತ್ತದೆ. ಎರಡನೆಯ ಬದಲಾವಣೆ ಒಪ್ಪತಕ್ಕದ್ದು. ಇಲ್ಲಿಯ ಕನ್ನಡ ಮನೆಗಳಲ್ಲಿ ಅದು ರೊಟ್ಟಿಯೇ. ಮೊದಲನೆಯದು ಅನಾವಶ್ಯಕ, ಇಲ್ಲಿಯ ಕನ್ನಡ ಮನೆಗಳಲ್ಲಿಯೂ ಅವನು ಕಾಕಾನೇ. ಯಾವ ಶಬ್ದವನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಸೂತ್ರವಿಲ್ಲ. ಆ ವಿವೇಕ ನಿಘಂಟಿನಿಂದ ಬರುವುದಿಲ್ಲ. ಆ ನೆಲದ ಮಾತನ್ನು ಕೇಳಿದ ಕಿವಿಯಿಂದ ಬರುತ್ತದೆ.

ಮೂರನೆಯ ಅಭಿಪ್ರಾಯ: ವಿಶ್ವಸಾಹಿತ್ಯ ದೂರದ್ದು

ವಿಶ್ವಸಾಹಿತ್ಯವೆಂಬ ಕಲ್ಪನೆಗೆ ಪ್ರಚಾರ ದೊರೆತದ್ದು ಜರ್ಮನಿಯ ಕವಿ ಗಯಟೆಯಿಂದ. 1827ರ ಜನವರಿಯಲ್ಲಿ ತನ್ನ ಶಿಷ್ಯ ಎಕರ್‌ಮನ್‌ನೊಡನೆ ಮಾತನಾಡುತ್ತ, ಇನ್ನು ಮುಂದೆ ಒಂದೊಂದು ದೇಶದ ಸಾಹಿತ್ಯವೆಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ, ವಿಶ್ವಸಾಹಿತ್ಯದ ಕಾಲ ಬರುತ್ತಿದೆ ಎಂಬ ಆಶಯವನ್ನು ಆತ ವ್ಯಕ್ತಪಡಿಸಿದ. ಆ ದಿನ ಮಾತಿಗೆ ಪ್ರೇರಣೆಯಾದದ್ದು ಆತ ಓದುತ್ತಿದ್ದ ಒಂದು ಚೀನೀ ಕಾದಂಬರಿ. ಚೀನೀ ಭಾಷೆಯನ್ನರಿಯದ ಗಯಟೆ ಅದನ್ನು ಅನುವಾದದಲ್ಲಿಯೇ ಓದಿದ್ದ. ಇದಕ್ಕೂ ಹಿಂದೆ ಕಾಳಿದಾಸನ ಶಾಕುಂತಲವನ್ನು ಆತ ಮೆಚ್ಚಿ ಕೊಂಡಾಡಿದ್ದ. ಅದು ಆತನ ಕೈ ಸೇರಿದ ಬಗೆಯೂ ಗಮನಾರ್ಹ: 1789ರಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತದಿಂದ ಇಂಗ್ಲಿಷಿಗೆ, 1791ರಲ್ಲಿ ಗಿಯೋರ್ಗ್ ಫಾರ್ಸ್ಟರ್ ಇಂಗ್ಲಿಷಿನಿಂದ ಜರ್ಮನಿಗೆ. ವಿಶ್ವಸಾಹಿತ್ಯದ ಕಲ್ಪನೆಯೇ ಅನುವಾದದ, ಅನುವಾದದ ಅನುವಾದದ ಕೂಸು.

ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ 1886ರಲ್ಲಿ ಮೊದಲ ಬಾರಿಗೆ ಇಂಗ್ಲಿಷಿಗೆ ಬಂದಾಗ ಅನುವಾದಕಿ ಕ್ಲಾರಾ ಬೆಲ್ ಆಧರಿಸಿದ್ದು ಫ್ರೆಂಚ್ ಆವೃತ್ತಿಯನ್ನು. ದೇ. ಜವರೇಗೌಡರು ಟಾಲ್‌ಸ್ಟಾಯ್‌ನ ಬೃಹತ್ ಕಾದಂಬರಿಗಳನ್ನು ಕನ್ನಡಕ್ಕೆ ತಂದದ್ದು ಇಂಗ್ಲಿಷಿನ ಮೂಲಕ. ಇಂತಹ ಕೃತಿಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಮಧ್ಯದಲ್ಲಿ ಒಂದು ಭಾಷೆ ನಿಂತಾಗ ಒಂದು ಮಿತಿ ತಾನಾಗಿ ಬರುತ್ತದೆ. ಇಂಗ್ಲಿಷ್ ಅನುವಾದಕ ಮಾಡಿದ ಆಯ್ಕೆಗಳೆಲ್ಲವೂ ಕನ್ನಡಕ್ಕೂ ಇಳಿದು ಬರುತ್ತವೆ. ರಷ್ಯನ್ ಮೂಲದೊಡನೆ ಅವನ್ನು ಹೋಲಿಸಿ ನೋಡುವ ಸಾಧನ ಬಹುಪಾಲು ಕನ್ನಡ ಓದುಗರಲ್ಲಿ ಇರುವುದಿಲ್ಲ.

ಮರಾಠಿ–ಕನ್ನಡಗಳ ನಡುವೆ ಈ ಮಧ್ಯಸ್ಥಿಕೆ ಬೇಕಾಗಿಲ್ಲ. ವಿ. ಸ. ಖಾಂಡೇಕರರ ‘ಯಯಾತಿ’ 1959ರಲ್ಲಿ ಪ್ರಕಟವಾಯಿತು. ಅದಕ್ಕೆ 1974ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ವಿ. ಎಂ. ಇನಾಂದಾರರು ಅದನ್ನು ಮರಾಠಿಯಿಂದಲೇ ಕನ್ನಡಕ್ಕೆ ತಂದರು. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಉಮಾ ಕುಲಕರ್ಣಿಯವರು ಕನ್ನಡದಿಂದಲೇ ಮರಾಠಿಗೆ ಒಯ್ದರು; ಆ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಬಂದಿತು. ಇಲ್ಲಿ ಓದುಗನು ಮೂಲವನ್ನೂ ಅನುವಾದವನ್ನೂ ಎದುರುಬದುರಾಗಿ ಇಟ್ಟು ನೋಡಬಹುದು. ವಿಶ್ವಸಾಹಿತ್ಯವನ್ನು ಓದುವ ಶಿಸ್ತನ್ನು ಕಲಿಯಲು ಇಂತಹ ಸಮೀಪದ ಜೋಡಿಗಳೇ ಪ್ರಯೋಗಶಾಲೆ. ಇಲ್ಲಿ ಪಳಗಿದ ಕಣ್ಣು ಟಾಲ್‌ಸ್ಟಾಯ್‌ನ ಕನ್ನಡ ಅನುವಾದವನ್ನು ಓದುವಾಗಲೂ ಎಲ್ಲಿ ಅನುವಾದಕ ತಡವರಿಸಿರಬಹುದು, ಎಲ್ಲಿ ಆರಿಸಿಕೊಂಡಿರಬಹುದು ಎಂದು ಊಹಿಸಬಲ್ಲದು.

ನಾಲ್ಕನೆಯ ಅಭಿಪ್ರಾಯ: ಎರಡೂ ಬಲ್ಲವನಿಗೆ ಅನುವಾದ ಬೇಡ

ಗಡಿಭಾಗದಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದೇ. ಮರಾಠಿ ಬಲ್ಲವನು ಖಾಂಡೇಕರರನ್ನು ಮರಾಠಿಯಲ್ಲಿಯೇ ಓದಬಲ್ಲ, ಕನ್ನಡ ಬಲ್ಲವನು ಕಾರಂತರನ್ನು ಕನ್ನಡದಲ್ಲಿಯೇ ಓದಬಲ್ಲ. ನಡುವೆ ಅನುವಾದಕನಿಗೇನು ಕೆಲಸ ಎಂಬ ಪ್ರಶ್ನೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಮರಾಠಿಯಲ್ಲಿ ಎಲ್ಲವೂ ದೊರೆಯುವಾಗ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವುದೇಕೆ? ಕನ್ನಡ ವಿಭಾಗದ ವಿದ್ಯಾರ್ಥಿ ಮನೆಯಲ್ಲಿ, ನೆಂಟರಲ್ಲಿ ಈ ಪ್ರಶ್ನೆಯನ್ನು ಎದುರಿಸದೆ ಇರಲಾರ.

ಉತ್ತರವನ್ನು ಈ ಊರಿನ ಚರಿತ್ರೆಯಲ್ಲಿಯೇ ಹುಡುಕಬಹುದು. ಸೊಲ್ಲಾಪುರದ ಪ್ರಾಚೀನ ಹೆಸರು ಸೊನ್ನಲಿಗೆ. ಹನ್ನೆರಡನೆಯ ಶತಮಾನದ ಸಿದ್ಧರಾಮ ಇಲ್ಲಿ ಕನ್ನಡದಲ್ಲಿ ವಚನಗಳನ್ನು ರಚಿಸಿದ. ರಾಘವಾಂಕ ಆತನ ಚರಿತ್ರೆಯನ್ನು ಕಾವ್ಯವಾಗಿಸಿದ. ಇದೇ ನಗರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಶಿಕ್ಷಣ ಮರಾಠಿಯಲ್ಲಿ ನಡೆಯಿತು. ಮುಂದೆ ಅವರು ಕನ್ನಡವನ್ನು ಅಭ್ಯಾಸ ಮಾಡಿ, ಸಿದ್ಧರಾಮನನ್ನು ಕುರಿತು ತ್ರಿಪದಿಯಲ್ಲಿ ‘ಶ್ರೀ ಸಿದ್ಧರಾಮ ಪುರಾಣ’ವೆಂಬ ಮಹಾಕಾವ್ಯವನ್ನು ಬರೆದರು. ಜೊತೆಗೆ ವಚನಗಳನ್ನು ಮರಾಠಿಗೆ ಅನುವಾದಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಮರಾಠಿ ಬಲ್ಲ ಅವರಿಗೆ ವಚನಗಳ ಮರಾಠಿ ಅನುವಾದ ಸ್ವಂತಕ್ಕಾಗಿ ಬೇಕಾಗಿರಲಿಲ್ಲ. ತಮ್ಮ ಊರಿನ ಮರಾಠಿ ಜನರಿಗೆ ತಮ್ಮ ಊರಿನದೇ ಕನ್ನಡ ನುಡಿಯನ್ನು ಮುಟ್ಟಿಸಬೇಕಾಗಿತ್ತು.

ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರು ಮರಾಠಿಯಲ್ಲಿಯೂ ಬರೆದವರು. ಅವರು ಇಲ್ಲಿದ್ದ ಕಾಲದಲ್ಲಿಯೇ, 1950ರಲ್ಲಿ, ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ನೆಲದ ವ್ಯವಸ್ಥೆ ಬದಲಾದರೂ ಎರಡು ಭಾಷೆಗಳ ಸಹವಾಸ ಬದಲಾಗಲಿಲ್ಲ.

ಉಮಾ ಕುಲಕರ್ಣಿಯವರ ಕೆಲಸದ ರೀತಿ ಈ ಸಂದರ್ಭದಲ್ಲಿ ವಿಶೇಷವಾಗಿ ಮನನೀಯ. ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಅವರು ಮರಾಠಿಯಲ್ಲಿ ಕಲಿತವರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಇಡುತ್ತಿದ್ದರು; ಅದನ್ನು ಕೇಳಿ ಕೇಳಿ ಉಮಾ ಅವರು ಮರಾಠಿಯಲ್ಲಿ ಬರೆಯುತ್ತಿದ್ದರು. ಭೈರಪ್ಪನವರ, ಕಾರಂತರ ಕಾದಂಬರಿಗಳು ಹೀಗೆ ಕಿವಿಯ ಮಾರ್ಗದಿಂದ ಮರಾಠಿ ಓದುಗರ ಮನೆ ಸೇರಿದವು. ವಿರೂಪಾಕ್ಷ ಅವರೂ ಮರಾಠಿ ಕೃತಿಗಳನ್ನು ಕನ್ನಡಕ್ಕೆ ತಂದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಸ್ಥಿತಿಯನ್ನು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಎಷ್ಟೋ ಕುಟುಂಬಗಳು ಒಂದು ಕೊರತೆಯೆಂದು ಭಾವಿಸುತ್ತವೆ. ‘ನಮ್ಮದು ಶುದ್ಧ ಕನ್ನಡವಲ್ಲ’ ಎಂಬ ಅಳುಕು ವಿದ್ಯಾರ್ಥಿಗಳಲ್ಲಿಯೂ ಇದೆ. ಅದೇ ಸ್ಥಿತಿಯಿಂದ ಒಬ್ಬ ಅನುವಾದಕಿ ರೂಪುಗೊಂಡು ಎರಡು ಸಾಹಿತ್ಯಗಳಿಗೆ ಉಪಕಾರ ಮಾಡಿದ್ದಾರೆ ಎಂಬುದು ಆ ಅಳುಕಿಗೆ ತಕ್ಕ ಸಮಾಧಾನ.

ಆದುದರಿಂದ ನಾಲ್ಕನೆಯ ಅಭಿಪ್ರಾಯವನ್ನು ತಿರುಗಿಸಿ ಹೇಳಬೇಕಾಗುತ್ತದೆ. ಒಂದೇ ಭಾಷೆ ಬಲ್ಲವನಿಗೆ ಅನುವಾದ ಬೇಕು, ಆದರೆ ಅದನ್ನು ಪರೀಕ್ಷಿಸುವ ಶಕ್ತಿ ಅವನಿಗಿಲ್ಲ. ಅವನು ನಂಬಿ ಓದಬೇಕು. ಎರಡೂ ಬಲ್ಲವನಿಗೆ ಅನುವಾದ ಬೇಡದಿರಬಹುದು, ಆದರೆ ಅನುವಾದಕ್ಕೆ ಅವನು ಬೇಕು. ಅಂತಹ ಓದುಗನಿಲ್ಲದಿದ್ದರೆ ಒಳ್ಳೆಯ ಅನುವಾದಕ್ಕೂ ಕೆಟ್ಟ ಅನುವಾದಕ್ಕೂ ಇರುವ ಅಂತರವನ್ನು ಹೇಳುವವರೇ ಇರುವುದಿಲ್ಲ. ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡ ವಿದ್ಯಾರ್ಥಿ ಕನ್ನಡದ ಓದನ್ನು ಕೈಬಿಟ್ಟರೆ ಕಡಿಮೆಯಾಗುವುದು ಒಬ್ಬ ಕನ್ನಡ ಓದುಗ ಮಾತ್ರವಲ್ಲ. ಮರಾಠಿಯೂ ತನ್ನ ಕೃತಿಗಳು ನೆರೆಯ ಭಾಷೆಯಲ್ಲಿ ಹೇಗೆ ಕಾಣುತ್ತಿವೆ ಎಂದು ತಿಳಿಸಬಲ್ಲ ಒಬ್ಬ ಸಾಕ್ಷಿಯನ್ನು ಕಳೆದುಕೊಳ್ಳುತ್ತದೆ. ಹನ್ನೂರಿನ ಬದುಕನ್ನು ಇಂಗ್ಲಿಷಿನಲ್ಲಿ ಓದುವವರು ಜಗತ್ತಿನ ಎಲ್ಲ ಕಡೆ ಸಿಗುತ್ತಾರೆ. ‘ಅಕ್ಕರಮಾಶಿ’ ಎಂಬ ಮಾತು ಅಲ್ಲಿ ಎಷ್ಟು ತೂಗುತ್ತದೆ, ‘ಅಕ್ರಮ ಸಂತಾನ’ ಎಷ್ಟು ತೂಗುತ್ತದೆ ಎಂದು ಹೇಳಬಲ್ಲವರು ಈ ತಾಲ್ಲೂಕಿನಲ್ಲಿದ್ದಾರೆ.

ಅಭ್ಯಾಸಕ್ಕೆ

1. ‘ಅಕ್ಕರಮಾಶಿ’ಯ ಮರಾಠಿ ಮೂಲ ಮತ್ತು ಕನ್ನಡ ಅನುವಾದದಿಂದ ಒಂದು ಪುಟವನ್ನು ಆರಿಸಿಕೊಂಡು, ಸಂಬಂಧವಾಚಕಗಳು, ಊಟದ ಹೆಸರುಗಳು, ಬೈಗುಳಗಳು ಈ ಮೂರನ್ನು ಪಟ್ಟಿಮಾಡಿರಿ. ಅನುವಾದದಲ್ಲಿ ಬದಲಾದವು ಯಾವುವು, ಉಳಿದವು ಯಾವುವು? ಕಾರಣವನ್ನು ಊಹಿಸಿ ಬರೆಯಿರಿ.

2. ಖಾಂಡೇಕರರ ‘ಯಯಾತಿ’ ಕಾದಂಬರಿಯ ಕನ್ನಡ ಅನುವಾದವನ್ನೂ ಗಿರೀಶ ಕಾರ್ನಾಡರ ‘ಯಯಾತಿ’ (1961) ನಾಟಕವನ್ನೂ ಓದಿರಿ. ಒಂದೇ ಮಹಾಭಾರತ ಕಥೆ ಎರಡು ಭಾಷೆಗಳಲ್ಲಿ ಪಡೆದ ಅರ್ಥಗಳನ್ನು ಹೋಲಿಸಿರಿ.

3. ‘ಬೆಟ್ಟದ ಜೀವ’ವನ್ನು ಓದಿ, ‘ಡೋಂಗರಾಏವಢಾ’ ಎಂಬ ಮರಾಠಿ ಶೀರ್ಷಿಕೆಯನ್ನು ಸಮರ್ಥಿಸಿ ಅಥವಾ ವಿರೋಧಿಸಿ ಒಂದು ಪುಟ ಬರೆಯಿರಿ.

4. ಮನೆಯ ಹಿರಿಯರೊಬ್ಬರಿಗೆ ಕನ್ನಡ ಕಥೆಯೊಂದನ್ನು ಗಟ್ಟಿಯಾಗಿ ಓದಿ ಹೇಳಿರಿ. ಅವರು ಅರ್ಥ ಕೇಳಿದ ಶಬ್ದಗಳನ್ನು ಬರೆದುಕೊಂಡು, ಅವರೇ ಕೊಟ್ಟ ಬದಲಿ ಶಬ್ದಗಳನ್ನು ಪಕ್ಕದಲ್ಲಿ ದಾಖಲಿಸಿರಿ. ಅವುಗಳಲ್ಲಿ ಕನ್ನಡದವೆಷ್ಟು, ಮರಾಠಿಯವೆಷ್ಟು ಎಂದು ವಿಂಗಡಿಸಲು ಯತ್ನಿಸಿರಿ. ವಿಂಗಡಿಸಲಾಗದ ಶಬ್ದಗಳನ್ನು ಪ್ರತ್ಯೇಕವಾಗಿ ಬರೆದಿಡಿರಿ.